ಮೇಲಿನವರಿಗೆ ಕೆಸರು, ಕೆಳಗಿನವರಿಗೆ ಧೂಳು

ಯಾದಗಿರಿ: ಈ ಜಿಲ್ಲೆಯಲ್ಲಿ ಎರಡು ನೋಟಗಳಿವೆ. ಎರಡನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು. ಬಸ್ ಚಾರ್ಜಿಗೆ ದುಡ್ಡಿದ್ದರೆ ಸಾಕು.

ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಬೆಳಿಗ್ಗೆ ಎದ್ದು ಹುಣಸಗಿ, ಕೊಡೇಕಲ್ ಕಡೆ ಹೋಗಬೇಕು. ಕಣ್ಣು ಹಾಯುವ ತನಕ ಗದ್ದೆ. ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಹಾಕಿ ರಾಡಿ ತುಳಿಸುತ್ತಿರುತ್ತಾರೆ. ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿರುತ್ತಾರೆ. ಗದ್ದೆ ತುಂಬಿ ಮಿಕ್ಕ ನೀರು ಬದು ಹಾರಿ ಹಳ್ಳಕ್ಕೆ ಇಳಿಯುತ್ತದೆ. ಕೇಳುವವರಿಲ್ಲ.

ಅದೇ ದಿನ ಸಂಜೆ ಯಾದಗಿರಿ ರೈಲು ನಿಲ್ದಾಣಕ್ಕೆ ಬರಬೇಕು. ಬೆಂಗಳೂರಿನ ಗಾಡಿಗೆ ಕಾಯುವವರು ಪ್ಲಾಟ್‌ಫಾರಂ ತುಂಬಾ ಕೂತಿರುತ್ತಾರೆ. ತಲೆದಿಂಬಿಗೆ ಜೋಳದ ಹಿಟ್ಟಿನ ಚೀಲ, ಕೈಯಲ್ಲಿ ರೊಟ್ಟಿ ಗಂಟು, ಮಗ್ಗುಲಲ್ಲಿ ಮಕ್ಕಳು. ಮನೆಗೆ ಬೀಗ ಜಡಿದು ಮುದುಕರನ್ನು ಕಟ್ಟೆಯ ಮೇಲೆ ಬಿಟ್ಟು ಗುಳೆ ಹೊರಟವರು. ಬೆಂಗಳೂರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸುವ ಕೈಗಳಲ್ಲಿ ಸುರಪುರ, ಶಹಾಪುರ, ಯಾದಗಿರಿಯ ಕೈಗಳು ಎಷ್ಟಿವೆ ಎಂಬುದು ಅಲ್ಲಿನ ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತು.

ಇವರ ಪೈಕಿ ಎಷ್ಟೋ ಜನರ ಹೊಲದ ಮಗ್ಗುಲಲ್ಲೇ ಕಾಲುವೆ ಇದೆ. ಕಾಲುವೆ ಇದೆ, ಅದರಲ್ಲಿ ನೀರಿಲ್ಲ. ಇದ್ದರೂ ಬೇಕಾದಾಗ ಇಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಸೆಕೆಂಡಿಗೆ 10,000 ಘನ ಅಡಿ ನೀರು ಹೊರುವ ದೊಡ್ಡ ಕಾಲುವೆ. ಒಂದು ಹಗಲು ಒಂದು ರಾತ್ರಿ ತುಂಬಿ ಹರಿದರೆ ಮುಕ್ಕಾಲು ಟಿಎಂಸಿಗೂ ಮಿಕ್ಕಿ ನೀರು. ಇಷ್ಟು ನೀರು ಹಾಯುವ ಜಿಲ್ಲೆಯಿಂದ ಜನ ಯಾಕೆ ಊರು ಬಿಡುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕದೆ ಇಲ್ಲಿ ಅಭಿವೃದ್ಧಿಯ ಮಾತು ಆಡುವುದು ಬರೀ ಭಾಷಣ.

ಕಾಗದದ ಮೇಲಿನ ನ್ಯಾಯ

ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಅದಾಗಿ ಕೆಲವೇ ದಿನಗಳಲ್ಲಿ ಅವರು ದೇಶದ ಪ್ರಧಾನಿಯಾದರು. ನಾರಾಯಣಪುರದ ಅಣೆಕಟ್ಟು, ಅಂದರೆ ಈಗಿನ ಬಸವಸಾಗರ, ತಯಾರಾಗಲು 1982 ಬಂತು. ನಡುವೆ ಬಚಾವತ್ ನ್ಯಾಯಮಂಡಳಿ ಕೂತಿತು, 1973ರಲ್ಲಿ ತೀರ್ಪು ಕೊಟ್ಟಿತು, 1976ರಲ್ಲಿ ಮತ್ತೊಂದು ಸಲ ಕೊಟ್ಟಿತು. ಕೊನೆಗೆ ಲೆಕ್ಕ ಕುದುರಿದ್ದು ಹೀಗೆ: ಯೋಜನೆಯ ಮೊದಲ ಹಂತಕ್ಕೆ 119 ಟಿಎಂಸಿ, ಎರಡನೆಯದಕ್ಕೆ 54, ಕೂಡಿ 173 ಟಿಎಂಸಿ ನೀರು. ಇದರಿಂದ ತೋಯಬೇಕಾದ ಭೂಮಿ 6.22 ಲಕ್ಷ ಹೆಕ್ಟೇರ್, ಅಂದರೆ 15 ಲಕ್ಷ ಎಕರೆಗೂ ಹೆಚ್ಚು.

ಶಾಲೆ ಬಿಟ್ಟ ಹುಡುಗನೂ ಮಾಡಬಹುದಾದ ಲೆಕ್ಕ ಇದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 173 ಟಿಎಂಸಿಯನ್ನು ಅಷ್ಟೂ ಎಕರೆಗೆ ಸಮನಾಗಿ ಹರವಿದರೆ ಹೊಲದ ಮೇಲೆ ನಿಲ್ಲುವುದು ಸುಮಾರು ಎರಡೂವರೆ ಅಡಿ ನೀರು. ಅದೂ ಇಡೀ ವರ್ಷಕ್ಕೆ. ಅದರಲ್ಲಿ ಅಣೆಕಟ್ಟಿನಲ್ಲಿ ಬಿಸಿಲಿಗೆ ಆರುವುದು, ಕಾಲುವೆಯಲ್ಲಿ ಇಂಗುವುದು ಕಳೆಯಬೇಕು. ಉಳಿದದ್ದು ರೈತನದು.

ಜೋಳಕ್ಕೆ ಒಂದೂವರೆ ಅಡಿ ನೀರು ಧಾರಾಳವಾಯಿತು. ಶೇಂಗಾಕ್ಕೆ ಎರಡು ಅಡಿಯೊಳಗೆ ಸಾಕು. ಹತ್ತಿಗೆ ಎರಡು ಅಡಿಗೆ ತುಸು ಹೆಚ್ಚು. ಇವಕ್ಕೆಲ್ಲ ಒಂದಿಷ್ಟು ಮಳೆಯ ಆಸರೆಯೂ ಉಂಟು. ಭತ್ತಕ್ಕಾದರೆ ಗದ್ದೆಯಲ್ಲೇ ನಾಲ್ಕು ಅಡಿ ಬೇಕು. ಅದಕ್ಕೇ ಯೋಜನೆ ಮಾಡಿದವರು ಈ ಸೀಮೆಯನ್ನು ಹಗುರ ನೀರಾವರಿ ಎಂದು ಕರೆದರು. ಜೋಳ, ಶೇಂಗಾ, ಹತ್ತಿ, ತೊಗರಿ, ಸೂರ್ಯಕಾಂತಿ ಬೆಳೆಯಬೇಕು, ಭತ್ತ ಮತ್ತು ಕಬ್ಬು ಬೇಡ ಎಂದರು. ಸ್ವಲ್ಪ ನೀರು, ಬಹಳ ಜನ: ಇದೇ ಆ ಯೋಜನೆಯ ಬುನಾದಿ. ಬರಗಾಲದ ಸೀಮೆಯಲ್ಲಿ ಯಾರನ್ನೂ ಶ್ರೀಮಂತ ಮಾಡದಿದ್ದರೂ ಚಿಂತೆಯಿಲ್ಲ, ಎಲ್ಲರ ಹೊಟ್ಟೆಗೂ ಆಸರೆಯಾಗಲಿ ಎಂಬ ನ್ಯಾಯ ಅದರಲ್ಲಿತ್ತು. ಭೂಮಿ ಕೆಡಬಾರದು ಎಂಬ ಎಚ್ಚರವೂ ಇತ್ತು.

ಮುಂದೆ 1987ರಲ್ಲಿ ನಾರ್ವೆ ದೇಶದ ಬ್ರಂಟ್‌ಲ್ಯಾಂಡ್ ಎಂಬ ಹೆಣ್ಣುಮಗಳ ಅಧ್ಯಕ್ಷತೆಯ ವಿಶ್ವಸಂಸ್ಥೆ ಆಯೋಗ ಒಂದು ವರದಿ ಕೊಟ್ಟಿತು. ಸುಸ್ಥಿರ ಅಭಿವೃದ್ಧಿ ಎಂಬ ಮಾತು ಜಗತ್ತಿನ ಬಾಯಿಗೆ ಬಂದದ್ದು ಆಗ. ಪರಿಸರ, ಸಮಾಜ, ಸಂಪತ್ತು ಈ ಮೂರನ್ನೂ ಕೂಡಿಸಿ ನೋಡಬೇಕು, ಮೊಮ್ಮಕ್ಕಳ ಪಾಲನ್ನು ಇಂದೇ ತಿನ್ನಬಾರದು ಎಂಬುದು ಅದರ ಸಾರ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ವರದಿ ಓದಿ ತಿಳಿಸಬೇಕಾಗಿಲ್ಲ. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಕುಸಿದರೆ ಗಡಿಗೆ ಉರುಳುತ್ತದೆ ಎಂಬುದು ಅವರಿಗೆ ಮೊದಲಿನಿಂದ ಗೊತ್ತು. ಎಡದಂಡೆ ಕಾಲುವೆಯ ಕಾಗದದಲ್ಲಿ ಮೂರೂ ಕಲ್ಲು ಇದ್ದವು. ಕಾಲುವೆಯಲ್ಲಿ ನೀರು ಬಂದ ಮೇಲೆ ಉಳಿದದ್ದು ಒಂದೇ.

ಭತ್ತ ಯಾಕೆ ಬಂತು?

ಭತ್ತ ಬೆಳೆದವರನ್ನೆಲ್ಲ ನೀರುಗಳ್ಳರು ಎಂದು ಬೈದುಬಿಡುವುದು ಸುಲಭ. ಕಚೇರಿಗಳಲ್ಲಿ ಕೂತವರು ಹಾಗೇ ಬೈಯುತ್ತಾರೆ. ಆದರೆ ವಸ್ತುಸ್ಥಿತಿ ಅಷ್ಟು ಸರಳವಲ್ಲ.

ಮೊದಲ ವರ್ಷಗಳಲ್ಲಿ ಕಾಲುವೆ ಪೂರ್ತಿಯಾಗಿರಲಿಲ್ಲ. ಕೆಳಗಿನ ಶಾಖಾ ಕಾಲುವೆಗಳು ಇನ್ನೂ ಅಗೆತದಲ್ಲಿದ್ದವು. ಮೇಲಿನವರ ಬಾಗಿಲಿಗೆ ನೀರು ಬಂದು ನಿಂತಿತ್ತು. ಬೇಡವೆಂದರೂ ಹರಿಯುವ ನೀರನ್ನು ಯಾವ ರೈತ ಬಿಟ್ಟಾನು? ಅಷ್ಟರಲ್ಲಿ ಆಂಧ್ರದ ಕಡೆಯಿಂದ ಗದ್ದೆ ಮಾಡಿ ಪಳಗಿದವರು ಬಂದರು. ಒಣ ಬೇಸಾಯದ ಹೊಲವನ್ನು ಕೆಲವರು ಕೊಂಡರು, ಕೆಲವರು ಲಾವಣಿಗೆ ಹಿಡಿದರು. ಕ್ಯಾಂಪುಗಳು ಎದ್ದವು. ಅವರು ದುಡಿಮೆಗಾರರು, ಅದರಲ್ಲಿ ಎರಡು ಮಾತಿಲ್ಲ. ಅವರನ್ನು ನೋಡಿ ಇಲ್ಲಿನವರೂ ಕಲಿತರು. ರೈಸ್ ಮಿಲ್ಲುಗಳು ಬಂದವು, ಗೊಬ್ಬರದ ಅಂಗಡಿಗಳು ಬಂದವು, ಬೀಜ-ಗೊಬ್ಬರ ಉದ್ರಿ ಕೊಟ್ಟು ಫಸಲಿಗೆ ವಸೂಲಿ ಮಾಡುವ ವ್ಯವಹಾರ ಬಂತು.

ಇನ್ನೊಂದು ಸಂಗತಿಯನ್ನು ಪಟ್ಟಣದವರು ಗಮನಿಸುವುದಿಲ್ಲ. ಮಗ್ಗುಲ ಹೊಲದವ ಭತ್ತ ಹಚ್ಚಿದ ಮೇಲೆ ಇವನ ಹೊಲದ ಬುಡಕ್ಕೂ ನೀರು ಬಸಿಯುತ್ತದೆ. ಬೇರಿಗೆ ನೀರು ನಿಂತರೆ ತೊಗರಿ ಸಾಯುತ್ತದೆ, ಶೇಂಗಾ ಕೊಳೆಯುತ್ತದೆ, ಹತ್ತಿ ಕೆಂಪಗಾಗುತ್ತದೆ. ಬದುಕುವುದು ಭತ್ತ ಒಂದೇ. ಒಬ್ಬ ಹಚ್ಚಿದರೆ ಹತ್ತು ಮಂದಿ ಮನಸ್ಸಿಲ್ಲದಿದ್ದರೂ ಹಚ್ಚಲೇಬೇಕು. ಕಾಯ್ದೆ ಪುಸ್ತಕದಲ್ಲಿ ಬೆಳೆ ಉಲ್ಲಂಘನೆ ಎಂದು ಬರೆದುಕೊಳ್ಳುವ ಪ್ರಸಂಗದಲ್ಲಿ ಅರ್ಧ ಈ ಬಗೆಯದು.

ದುಡ್ಡಿನ ಲೆಕ್ಕವನ್ನೂ ನೋಡೋಣ. 2025-26ರ ಮುಂಗಾರಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ತೊಗರಿಗೆ 8,000. ಎಕರೆಗೆ ಮೂವತ್ತು ಕ್ವಿಂಟಲ್ ಭತ್ತ ಬಂತು ಎಂದಿಟ್ಟುಕೊಳ್ಳಿ, ಎಪ್ಪತ್ತೊಂದು ಸಾವಿರ. ಐದು ಕ್ವಿಂಟಲ್ ತೊಗರಿ ಬಂತು ಎಂದಿಟ್ಟುಕೊಳ್ಳಿ, ನಲವತ್ತು ಸಾವಿರ. ರೈತ ಯಾವುದನ್ನು ಆರಿಸುತ್ತಾನೆ? ಖರ್ಚು ಹೆಚ್ಚಾದರೂ ಭತ್ತವನ್ನೇ. ಯಾಕೆಂದರೆ ಅವನು ಎಣಿಸುವುದು ಎಕರೆಯನ್ನು. ಅವನ ಹತ್ತಿರ ಇರುವುದು ಎಕರೆ ಒಂದೇ.

ಅದೇ ಲೆಕ್ಕವನ್ನು ನೀರಿನ ಮೇಲೆ ಹಾಕಿ. ಭತ್ತದ ಎಪ್ಪತ್ತೊಂದು ಸಾವಿರವನ್ನು ನಾಲ್ಕು ಅಡಿ ನೀರಿಗೆ ಹಂಚಿದರೆ ಅಡಿಗೆ ಹದಿನೆಂಟು ಸಾವಿರದೊಳಗೆ. ತೊಗರಿಯ ನಲವತ್ತು ಸಾವಿರವನ್ನು ಒಂದೂವರೆ ಅಡಿಗೆ ಹಂಚಿದರೆ ಅಡಿಗೆ ಇಪ್ಪತ್ತಾರು ಸಾವಿರಕ್ಕೂ ಮೇಲೆ. ಅಂದರೆ ಎಕರೆಯ ಲೆಕ್ಕದಲ್ಲಿ ಗೆದ್ದ ಬೆಳೆ ನೀರಿನ ಲೆಕ್ಕದಲ್ಲಿ ಸೋಲುತ್ತದೆ. ಎಕರೆ ಒಬ್ಬನದು, ನೀರು ಎಲ್ಲರದು. ಇಡೀ ತಕರಾರಿನ ಗಂಟು ಇರುವುದು ಇಲ್ಲೇ. ಮೇಲಿನ ರೈತ ಹೊಟ್ಟೆಬಾಕನೆಂದು ಈ ಗಂಟು ಬಿದ್ದದ್ದಲ್ಲ. ಎಲ್ಲರದನ್ನು ಎಣಿಸಬೇಕಾದವರು ಎಣಿಸಲಿಲ್ಲವೆಂದು ಬಿದ್ದದ್ದು.

ಎರೆ ಹೊಲ ಉಪ್ಪಾದ ಕಥೆ

ನೀರಿನ ಅಭಾವ ಕೆಳಗಿನವರ ಗೋಳಾದರೆ, ನೀರಿನ ಅತಿಯಾಟ ಮೇಲಿನವರ ಕೊರಳಿಗೇ ಉರುಲಾಗಿದೆ.

ಈ ಸೀಮೆಯ ಎರೆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಕುಡಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂಡುತ್ತದೆ. ಹಿಂಗಾರಿ ಜೋಳ ಬರೀ ಇಬ್ಬನಿಯ ಮೇಲೆ ಬೆಳೆಯುತ್ತಿದ್ದುದು ಇದೇ ಗುಣದಿಂದ. ಅಂಥ ಹೊಲದಲ್ಲಿ ವರ್ಷಕ್ಕೆರಡು ಸಲ ನೀರು ನಿಲ್ಲಿಸಿದರೆ ನೆಲದೊಳಗಿನ ನೀರಿನ ಮಟ್ಟ ಮೇಲಕ್ಕೆ ಏರುತ್ತದೆ. ತಳದಲ್ಲಿದ್ದ ಉಪ್ಪು ಆ ನೀರಿನ ಸಂಗಡ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳುಪು ಕಾಣುತ್ತದೆಯಲ್ಲ, ಅದೇ ಸವಳು. ನೀರು ಬಸಿಯದೆ ಕಾಲಿಟ್ಟರೆ ಹುಗಿಯುವ ನೆಲ ಜವಳು. ಸವಳು-ಜವಳು ಎರಡೂ ಒಂದೇ ತಾಯಿಯ ಮಕ್ಕಳು.

ನೀರು ಒಳಗೆ ಬರಲು ದಾರಿ ಮಾಡಿದ ಸರಕಾರ, ಹೊರಗೆ ಹೋಗಲು ದಾರಿ ಮಾಡುವುದನ್ನು ತಡಮಾಡಿತು. ಕಾಲುವೆಗೆ ಉದ್ಘಾಟನೆ ಇದೆ, ರಿಬ್ಬನ್ ಇದೆ, ಫೋಟೋ ಇದೆ. ಬಸಿಗಾಲುವೆಗೆ ಯಾವ ಮಂತ್ರಿಯೂ ರಿಬ್ಬನ್ ಕತ್ತರಿಸುವುದಿಲ್ಲ. ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ ಶಹಾಪುರದ ಮಗ್ಗುಲಲ್ಲೇ ಭೀಮರಾಯನಗುಡಿಯಲ್ಲಿದೆ. ಹೊಲಗಾಲುವೆ, ಬಸಿಗಾಲುವೆ ಮಾಡಿಸುವುದು ಅದರ ಕೆಲಸ. ಅದೇ ಊರಿನಲ್ಲಿ ಕೃಷಿ ಕಾಲೇಜೂ ಇದೆ. ರೋಗ ಏನು, ಮದ್ದು ಏನು ಎಂಬುದು ಅಲ್ಲಿ ಗೊತ್ತಿರದ ಸಂಗತಿಯಲ್ಲ.

ತುಂಗಭದ್ರೆಯ ಎಡದಂಡೆಯ ಪಾಡು ಕಣ್ಣೆದುರಿಗೇ ಇತ್ತು. ಅಲ್ಲಿ 1950ರ ದಶಕದಲ್ಲೇ ನೀರು ಬಂತು. ಅಲ್ಲೂ ಹೆಚ್ಚಿನ ಭೂಮಿಗೆ ಹಗುರ ನೀರಾವರಿ ಎಂದೇ ಗೊತ್ತುಮಾಡಿದ್ದರು. ಗಂಗಾವತಿ, ಸಿಂಧನೂರು ಭತ್ತದ ಕಣಜವಾದವು, ಕೊನೆಯ ಭಾಗದ ರಾಯಚೂರು ಕಡೆಯವರು ನೀರಿಗಾಗಿ ವರ್ಷ ವರ್ಷ ರಸ್ತೆಗಿಳಿದರು, ಸಾವಿರಾರು ಎಕರೆ ಸವಳಾಯಿತು. ಅದನ್ನು ನೋಡಿದ ಮೇಲೂ ನಾರಾಯಣಪುರದ ಕಾಲುವೆಯಲ್ಲಿ ಅದೇ ತಪ್ಪು ಮಾಡಿದರೆ ಅದನ್ನು ಅಜ್ಞಾನ ಎನ್ನಲು ಬರುವುದಿಲ್ಲ.

ನೀರು ಬಂದೂ ಹಿಂದುಳಿದವರು

ಎಡದಂಡೆ ಕಾಲುವೆಯಿಂದ ಹುಣಸಗಿ, ಶಹಾಪುರ, ಮುಡಬಾಳ, ಜೇವರ್ಗಿ, ಇಂಡಿ ಎಂದು ಶಾಖೆಗಳು ಒಡೆದಿವೆ. ಮೇಲೆ ನೀರು ಹೆಚ್ಚು ಎಳೆದಷ್ಟೂ ಕೆಳಗಿನ ಶಾಖೆ ಒಣಗುತ್ತದೆ. ಜೇವರ್ಗಿ, ಇಂಡಿ ಕಡೆಯ ರೈತರ ಕೂಗು ಹೊಸದಲ್ಲ. ಶಹಾಪುರ ಶಾಖೆಯ ಬಾಲದಲ್ಲಿರುವ ವಡಗೇರಾ ಸೀಮೆಯವರ ಮಾತೂ ಅದೇ. ಕೃಷ್ಣೆ ಒಂದು ಕಡೆ, ಭೀಮೆ ಒಂದು ಕಡೆ, ನಡುವೆ ಕೂತವರಿಗೆ ಬಾಯಾರಿಕೆ. "ಪೇಪರಿನಾಗ ನೀರ ಬಿಟ್ಟಾರ್ರೀ, ತೂಬಿನಾಗ ಬಂದಿಲ್ಲ" ಎನ್ನುವುದು ಅಲ್ಲಿ ಗಾದೆಯಾಗಿ ಹೋಗಿದೆ.

ಬಾಲದವನಿಗೆ ಬರೀ ನೀರು ತಪ್ಪುವುದಲ್ಲ. ಬರುತ್ತದೆಂದು ನಂಬಿ ಬಿತ್ತಿದ್ದು ತಪ್ಪುತ್ತದೆ. ಬೀಜದ ಸಾಲ, ಗೊಬ್ಬರದ ಸಾಲ ಹೆಗಲೇರುತ್ತವೆ. ಒಣ ಬೇಸಾಯದವನು ಆಕಾಶ ನೋಡಿ ಬಿತ್ತುತ್ತಾನೆ, ಸೋತರೆ ಕಡಿಮೆ ಸೋಲುತ್ತಾನೆ. ಕಾಲುವೆ ನಂಬಿದವನು ದೊಡ್ಡದಾಗಿ ಸೋಲುತ್ತಾನೆ. 2023ರಲ್ಲಿ ಬರ ಬಿದ್ದು ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರಕಾರ ಸಾರಿತು. ಆ ವರ್ಷ ಈ ಭಾಗದಲ್ಲಿ ಮೆಣಸಿನಕಾಯಿ ಹಾಕಿದವರು ಇನ್ನೊಂದೆರಡು ಸುತ್ತು ನೀರು ಬಿಡಿ ಎಂದು ಬೀದಿಗೆ ಬಂದದ್ದು ಯಾರೂ ಮರೆತಿಲ್ಲ.

ಇನ್ನು ಅಂಕಿಗಳ ಕಡೆ ನೋಡಿದರೆ ತಲೆ ತಗ್ಗಿಸಬೇಕು. ಪ್ರಾದೇಶಿಕ ಅಸಮಾನತೆಯ ಮೇಲೆ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ವರದಿ ಕೊಟ್ಟದ್ದು 2002ರಲ್ಲಿ. ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಇದ್ದವು. ಆ ಹೊತ್ತಿಗೆ ನಾರಾಯಣಪುರದ ಅಣೆಕಟ್ಟಿಗೆ ಇಪ್ಪತ್ತು ವರ್ಷ ತುಂಬಿತ್ತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ರ ಒಳಗೆ, ಇಡೀ ರಾಜ್ಯದಲ್ಲಿ ಕೊನೆಯ ಸ್ಥಾನ. 371 (ಜೆ) ಬಂತು, ಮಂಡಳಿ ಬಂತು, ಅನುದಾನ ಬಂತು. ಗುಳೆ ನಿಲ್ಲಲಿಲ್ಲ.

ಇದರ ಅರ್ಥ ನೀರಾವರಿ ಬೇಡವಿತ್ತು ಎಂದಲ್ಲ. ನೀರು ಬಂದಲ್ಲಿ ಮನೆ ಎದ್ದಿವೆ, ಮಕ್ಕಳು ಕಾಲೇಜು ಕಂಡಿವೆ. ಆದರೆ ಭೂಮಿ ಇದ್ದವನಿಗೆ ಬಂದ ಲಾಭ ಭೂಮಿ ಇಲ್ಲದವನ ಮನೆಗೆ ತಾನಾಗಿ ಹರಿಯಲಿಲ್ಲ. ಭತ್ತದ ಗದ್ದೆ ಮೊದಮೊದಲು ಕೂಲಿಗೆ ಆಸರೆಯಾಗಿತ್ತು. ನಾಟಿ ಇತ್ತು, ಕೊಯ್ಲು ಇತ್ತು, ಬಡಿಯುವುದಿತ್ತು. ಈಗ ಕೊಯ್ಲಿನ ಯಂತ್ರ ಬಂದು ಒಂದು ತಾಸಿನಲ್ಲಿ ಎಕರೆ ಮುಗಿಸುತ್ತದೆ. ಕೂಲಿಯವರಿಗೆ ಉಳಿದದ್ದು ನಾಟಿಯ ಕೆಲವು ದಿನಗಳು, ಆಮೇಲೆ ಬೆಂಗಳೂರಿನ ಗಾಡಿ.

ಈ ನೀರಿಗಾಗಿ ಮನೆಮಠ ಮುಳುಗಿಸಿಕೊಂಡವರನ್ನೂ ಮರೆಯಬಾರದು. ಪುನರ್ವಸತಿ ಸರಿಯಿಲ್ಲವೆಂದು ವಿಶ್ವಬ್ಯಾಂಕು 1990ರ ದಶಕದಲ್ಲಿ ಸಾಲದ ಕಂತನ್ನೇ ತಡೆಹಿಡಿದಿತ್ತು. ಒಬ್ಬರ ಊರು ಮುಳುಗಿಸಿ ತಂದ ನೀರನ್ನು ಇನ್ನೊಬ್ಬರ ಗದ್ದೆಯಿಂದ ಹಳ್ಳಕ್ಕೆ ಬಿಡುವುದು ಯಾವ ಧರ್ಮ?

4,700 ಕೋಟಿಯ ಗೇಟು

2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಕೊಡೇಕಲ್‌ಗೆ ಬಂದರು. ಸುಮಾರು 4,700 ಕೋಟಿ ರೂಪಾಯಿ ವೆಚ್ಚದ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ, ಆಧುನೀಕರಣ ಕಾಮಗಾರಿಯನ್ನು ಉದ್ಘಾಟಿಸಿದರು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಮಿಕ್ಕಿ ರೈತರಿಗೆ, ನಾಲ್ಕೂವರೆ ಲಕ್ಷ ಹೆಕ್ಟೇರಿಗೆ ಅನುಕೂಲ ಎಂದು ಸಾರಲಾಯಿತು. ಕಾಲುವೆಗೆ ಸಿಮೆಂಟಿನ ಹೊದಿಕೆ, ದೂರದಿಂದಲೇ ಏರಿಸಿ ಇಳಿಸುವ ಗೇಟುಗಳು, ಎಲ್ಲಿ ಎಷ್ಟು ನೀರು ಹಾಯ್ದಿತೆಂದು ಅಳೆಯುವ ಯಂತ್ರಗಳು. ಅದೇ ದಿನ ಕುಡಿಯುವ ನೀರಿನ ದೊಡ್ಡ ಯೋಜನೆಗೂ ಅಡಿಗಲ್ಲು ಬಿತ್ತು. 700ಕ್ಕೂ ಹೆಚ್ಚು ಜನವಸತಿಗಳಿಗೆ ನಲ್ಲಿ ನೀರು ಕೊಡುವ 2,050 ಕೋಟಿಯ ಯೋಜನೆ ಅದು.

ಕೆಲಸ ಒಳ್ಳೆಯದೇ. ಒಡಕು ಕಾಲುವೆಯಲ್ಲಿ ನ್ಯಾಯ ಹರಿಯುವುದಿಲ್ಲ. ಆದರೆ ಗೇಟಿಗೆ ಕಣ್ಣಿಲ್ಲ. ಯಾರಿಗೆ ಎಷ್ಟು ಎಂದು ತೀರ್ಮಾನ ಮಾಡುವವರು ಮನುಷ್ಯರು. ಯಂತ್ರ ಅಳೆದ ಅಂಕಿ ಕಂಪ್ಯೂಟರಿನಲ್ಲೇ ಉಳಿದರೆ ಕೊನೆಯ ತೂಬಿನ ರೈತನಿಗೆ ಅದು ಇದ್ದೂ ಇಲ್ಲದ ಹಾಗೆ. ಮುಖ್ಯ ಕಾಲುವೆಯ ಗೇಟು ಯಂತ್ರದ ಕೈಯಲ್ಲಿದ್ದರೂ ಹೊಲದ ತೂಬು ರಾತ್ರಿ ಹನ್ನೆರಡಕ್ಕೆ ಯಾರ ಕೈಯಲ್ಲಿರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ದೊಡ್ಡವರ ಹೊಲದ ಮುಂದೆ ಕಾಲುವೆ ಒಡೆದರೆ ಅದಕ್ಕೆ ಇಲಿ ಬಿಲ ಕಾರಣ. ಬಡವನ ಹೊಲದ ಮುಂದೆ ಒಡೆದರೆ ಪೊಲೀಸ್ ಕೇಸು. ನೀರು ಕದಿಯುವವರಿಗೆ ಶಿಕ್ಷೆ ಜಾಸ್ತಿ ಮಾಡಿ 1965ರ ನೀರಾವರಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಗಿದೆ. ಅದು ಯಾರ ಬೆನ್ನಿಗೆ ಬೀಳುವ ಕೋಲು ಎಂಬುದನ್ನು ಕಾದು ನೋಡಬೇಕು.

ಯೋಜನೆಯ ಮೂರನೇ ಹಂತದ ಮಾತಂತೂ ಪ್ರತಿ ಚುನಾವಣೆಯಲ್ಲಿ ಕೇಳಿಬರುತ್ತದೆ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ, ಮತ್ತೆ 2013ರಲ್ಲಿ ಆಲಮಟ್ಟಿಯನ್ನು 524.256 ಮೀಟರ್ ಎತ್ತರಕ್ಕೆ ತುಂಬಿಸಿಕೊಳ್ಳಲು ಒಪ್ಪಿತು. ಹೊಸ ನೀರು ಬರಲಿ. ಆದರೆ ಹಳೆಯ ನೀರನ್ನು ಹಂಚಲು ಬಾರದವರು ಹೊಸ ನೀರನ್ನು ಹೇಗೆ ಹಂಚುತ್ತಾರೆ ಎಂಬ ಪ್ರಶ್ನೆಯನ್ನು ಯಾವ ಪಕ್ಷದ ವೇದಿಕೆಯಲ್ಲೂ ಯಾರೂ ಕೇಳುವುದಿಲ್ಲ.

ಗೋಗಿ, ಕಡೇಚೂರು: ಅದೇ ರಾಗ

ಒಂದೇ ಖಾತೆ ನೋಡಿ ಲೆಕ್ಕ ಮುಗಿಸುವ ಈ ಚಾಳಿ ಕಾಲುವೆಗಷ್ಟೇ ಸೀಮಿತವಾಗಿಲ್ಲ.

ಮಲಗಿದ ಬುದ್ಧನ ಬೆಟ್ಟಕ್ಕೆ ಹೆಸರಾದ ಶಹಾಪುರದಿಂದ ಸ್ವಲ್ಪ ದೂರದಲ್ಲೇ ಗೋಗಿ. ಅಲ್ಲಿ ನೆಲದಡಿ ಯುರೇನಿಯಂ ಇದೆಯೆಂದು ಅಣು ಇಂಧನ ಇಲಾಖೆಯವರು ಪತ್ತೆ ಹಚ್ಚಿದರು. ಪರೀಕ್ಷೆಗಾಗಿ ಗಣಿ ಕೊರೆದದ್ದೂ ಆಯಿತು. ದೇಶಕ್ಕೆ ಬೇಕಾದ ಇಂಧನ ಎಂಬುದು ಒಂದು ಖಾತೆ. ಆದರೆ ಊರಿನವರು ಕೇಳಿದ್ದು ಬೇರೆ: ಬಾವಿ, ಬೋರ್‌ವೆಲ್ಲಿನ ನೀರಿಗೆ ಏನಾಗುತ್ತದೆ, ಹೊಲ ಹೋದವನಿಗೆ ಏನು, ಮಕ್ಕಳ ಆರೋಗ್ಯಕ್ಕೆ ಯಾರು ಜವಾಬು? ಕನ್ನಡದಲ್ಲಿ, ಊರ ಕಟ್ಟೆಯ ಮೇಲೆ ಕೂತು ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಹೇಳಬೇಕಾಗಿತ್ತು. ಉತ್ತರ ಸಿಗದ ಕಡೆ ಭಯ ಬೆಳೆಯುತ್ತದೆ, ಭಯ ವಿರೋಧವಾಗುತ್ತದೆ.

ಯಾದಗಿರಿ ತಾಲೂಕಿನ ಕಡೇಚೂರು-ಬಾಡಿಯಾಳದಲ್ಲಿ ಕೈಗಾರಿಕೆಗೆಂದು ಮೂರು ಸಾವಿರ ಎಕರೆಗೂ ಮಿಕ್ಕಿ ಭೂಮಿ ತೆಗೆದುಕೊಂಡರು. ರೈಲ್ವೆಯ ಬೋಗಿ ಕಾರ್ಖಾನೆ ಬಂತು, ಅದು ಸರಿ. ಉಳಿದಂತೆ ಬಂದವುಗಳಲ್ಲಿ ಔಷಧ, ರಾಸಾಯನಿಕದ ಘಟಕಗಳೇ ಬಹಳ. ಸುತ್ತಲ ಹಳ್ಳಿಯವರು ದುರ್ನಾತ, ಹೊಗೆ, ಹಳ್ಳಕ್ಕೆ ಬಿಡುವ ನೀರು ಎಂದು ದೂರುತ್ತಾ ಬಂದಿದ್ದಾರೆ. ಭೂಮಿ ಕೊಟ್ಟವರ ಮಕ್ಕಳಿಗೆ ಸಿಕ್ಕ ಕೆಲಸ ಎಷ್ಟು, ಅದರಲ್ಲಿ ಕಾಯಂ ಎಷ್ಟು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಕೆಲಸ ಕೊಡದೆ ಗಾಳಿ ಕೆಡಿಸಿದರೆ ಅದು ಯಾವ ಲೆಕ್ಕದ ಅಭಿವೃದ್ಧಿ? ಹಾಗೆಂದು ಕಾರ್ಖಾನೆಯೇ ಬೇಡವೆಂದರೆ ಗುಳೆ ಹೋಗುವ ಹುಡುಗನಿಗೆ ಯಾರು ಉತ್ತರ ಹೇಳುತ್ತಾರೆ? ಎರಡು ಮಾತೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಆಡಳಿತ.

ಏನು ಮಾಡಬೇಕು?

ಭತ್ತವನ್ನು ಒಂದೇ ಏಟಿಗೆ ನಿಲ್ಲಿಸುತ್ತೇವೆ ಎನ್ನುವುದು ಬಡಾಯಿ. ಜವಳು ಹಿಡಿದ ನೆಲದಲ್ಲಿ ಬೇರೆ ಬೆಳೆ ಬರುವುದಿಲ್ಲ. ಮೊದಲು ಅಲ್ಲಿ ಬಸಿಗಾಲುವೆ ಆಗಬೇಕು. ನೀರು ಹೊರಗೆ ಹೋದ ಮೇಲೆ ತಾನೇ ತೊಗರಿಯ ಮಾತು.

ಎರಡನೆಯದು ಬೆಲೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು, ಸಂತೋಷ. ಆದರೆ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಣ್ಣ ರೈತನ ತೊಗರಿ ದಲ್ಲಾಳಿಯ ಗೋದಾಮು ಸೇರಿರುತ್ತದೆ. ಭತ್ತಕ್ಕೆ ಮಿಲ್ಲಿನವನು ಮನೆ ಬಾಗಿಲಿಗೆ ಬರುತ್ತಾನೆ. ಜೋಳ, ತೊಗರಿ, ಶೇಂಗಾಕ್ಕೂ ಅಂಥದೇ ಖಾತ್ರಿ ಇದ್ದರೆ ರೈತ ತಾನಾಗಿ ತಿರುಗುತ್ತಾನೆ. ಈ ಸೀಮೆಯ ಪಡಿತರ ಅಂಗಡಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಇಲ್ಲಿಯದೇ ಜೋಳಕ್ಕೆ ವರ್ಷವಿಡೀ ಜಾಗ ಸಿಕ್ಕರೆ ಅರ್ಧ ಕೆಲಸ ಆದಂತೆ. ನೀರು ಉಳಿಸಿದ ಮೇಲಿನ ರೈತನಿಗೆ ಮೊದಲ ಕೆಲವು ವರ್ಷ ಎಕರೆಗೆ ಇಷ್ಟೆಂದು ಕೈಗೆ ದುಡ್ಡು ಕೊಟ್ಟರೂ ತಪ್ಪಿಲ್ಲ. ಎಲ್ಲರ ನೀರಿಗಾಗಿ ಅವನೊಬ್ಬ ನಷ್ಟ ಹೊರಬೇಕೆಂದರೆ ಅವನು ಹೊರುವುದಿಲ್ಲ.

ಮೂರನೆಯದು ಅಳತೆ. ಯಂತ್ರ ಅಳೆದ ನೀರಿನ ಅಂಕಿಯನ್ನು ಪ್ರತಿ ವಿತರಣಾ ಕಾಲುವೆಯ ತಲೆಯಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದಿನಾ ಬರೆಯಲಿ. ನಿಮ್ಮ ಪಾಲು ಇಷ್ಟು, ಬಂದದ್ದು ಇಷ್ಟು. ಇದಕ್ಕೆ ಕೋಟಿ ಬೇಡ, ಒಂದು ಡಬ್ಬಿ ಬಣ್ಣ ಸಾಕು. ವಾರಾಬಂದಿಯ ಸುತ್ತನ್ನು ಬಾಲದಿಂದ ಶುರುಮಾಡಿ ತಲೆಗೆ ಬರುವ ಪದ್ಧತಿಯನ್ನು ಒಂದು ಹಂಗಾಮು ಮಾಡಿ ನೋಡಲಿ.

ನಾಲ್ಕನೆಯದು ಜನ. ನೀರು ಬಳಕೆದಾರರ ಸಹಕಾರ ಸಂಘಗಳು ಹಲವು ಕಡೆ ಬೋರ್ಡಿನಲ್ಲಿ ಮಾತ್ರ ಬದುಕಿವೆ. ಪಕ್ಕದ ಹುನಗುಂದ ತಾಲೂಕಿನಲ್ಲಿ ನಾರಾಯಣಪುರದ ಹಿನ್ನೀರು ಎತ್ತಿ 24 ಸಾವಿರ ಹೆಕ್ಟೇರಿಗೆ ಹನಿ ನೀರಾವರಿಯ ದೊಡ್ಡ ಯೋಜನೆ ಮಾಡಿದರು. ರೈತರ ಸಂಘ ಗಟ್ಟಿಯಿಲ್ಲದ ಕಡೆ ಪೈಪು ಹೊಲದಲ್ಲೇ ಬಿಸಿಲಿಗೆ ಒಣಗಿತು ಎಂಬ ಮಾತು ಅಲ್ಲಿಂದ ಕೇಳಿಬರುತ್ತದೆ. ಸಂಘಕ್ಕೆ ಜೀವ ಬರಬೇಕಾದರೆ ಬಾಲದವರಿಗೆ, ಲಾವಣಿ ಮಾಡುವವರಿಗೆ, ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಅಲ್ಲಿ ಕುರ್ಚಿ ಬೇಕು. ಸಾವ್ಕಾರರು ಕರೆದರೆ ಬಂದು ಚಾಪೆಯ ಮೇಲೆ ಕೂತು ಎದ್ದು ಹೋಗುವ ಸಭೆ ಬೇಡ.

ಅದೇ ಮಾತು ಕಡೇಚೂರಿಗೂ. ಸುತ್ತಲ ಊರುಗಳ ಬಾವಿ, ಹಳ್ಳ, ಗಾಳಿಯ ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಹಚ್ಚಲಿ. ಅದರ ಮಗ್ಗುಲಲ್ಲೇ ಭೂಮಿ ಕೊಟ್ಟ ಮನೆಗಳ ಎಷ್ಟು ಮಂದಿಗೆ ಕೆಲಸ ಸಿಕ್ಕಿತೆಂಬ ಅಂಕಿ ಇರಲಿ. ಎರಡನ್ನೂ ಒಟ್ಟಿಗೆ ಓದಿದರೆ ಜನರಿಗೆ ಭಾಷಣ ಬೇಕಾಗುವುದಿಲ್ಲ.

ಸುರಪುರದ ನಾಯಕ ಅರಸರ ಕಾಲದ ಬೋನಾಳ ಕೆರೆ ಇವತ್ತಿಗೂ ನೀರು ಹಿಡಿಯುತ್ತದೆ. ದೂರದ ಹಕ್ಕಿಗಳು ಬಂದಿಳಿಯುತ್ತವೆ. ಕಟ್ಟಿದವರು, ಆಮೇಲೆ ಅದನ್ನು ಸರಿಪಡಿಸಿದ ಮೆಡೋಸ್ ಟೇಲರ್, ಎಲ್ಲರೂ ಹೋದರು. ಕೆರೆ ಉಳಿದಿದೆ. ನಾರಾಯಣಪುರದ ಕಾಲುವೆಗೆ ಇನ್ನೂ ಐವತ್ತು ವರ್ಷ ಆಗಿಲ್ಲ, ಅಷ್ಟರಲ್ಲೇ ಅದರ ತಲೆಯಲ್ಲಿ ಉಪ್ಪು, ಬಾಲದಲ್ಲಿ ಧೂಳು.

ನೀರಾವರಿ ಸಲಹಾ ಸಮಿತಿ ಮುಂದಿನ ಸಲ ಆಲಮಟ್ಟಿಯಲ್ಲಿ ಕೂಡಿದಾಗ ಮಾಮೂಲಿನಂತೆ ಎಷ್ಟು ದಿನ ನೀರು ಎಂಬ ಚರ್ಚೆ ನಡೆಯುತ್ತದೆ. ಮಾನ್ಯ ಮಂತ್ರಿಗಳು, ಶಾಸಕರು ಅದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಲಿ: ಕೊನೆಯ ತೂಬಿಗೆ ನೀರು ಯಾವ ತಾರೀಖಿಗೆ ಮುಟ್ಟುತ್ತದೆ? ಇಂಜಿನಿಯರುಗಳು ತಾರೀಖು ಹೇಳಲಿ, ಅದು ಪತ್ರಿಕೆಯಲ್ಲಿ ಅಚ್ಚಾಗಲಿ, ಆ ದಿನ ಊರಿನವರು ತೂಬಿನ ಹತ್ತಿರ ಹೋಗಿ ನೋಡಲಿ. ಹೇಳಿದ ದಿನ ನೀರು ಬಂದ ಊರಿನಿಂದ ಬೆಂಗಳೂರಿನ ಗಾಡಿ ಹತ್ತುವವರು ಆ ವರ್ಷ ಎಷ್ಟು ಕಡಿಮೆಯಾದರು ಎಂದು ಯಾದಗಿರಿ ನಿಲ್ದಾಣದಲ್ಲಿ ನಿಂತು ಎಣಿಸಬಹುದು. ಅಭಿವೃದ್ಧಿಯ ಅಳತೆಗೋಲು ಅದೇ.